ಅಂಚೆಚೀಟಿಯ ಮೇಲೆ ಯಾರ ಚಿತ್ರ? ಆಯ್ಕೆ ನಡೆಯುವುದು ಹೀಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಅಭಿನಂದನಾ ಸಮಾರಂಭ ಅಂದರೆ ಶಾಲು, ಹಾರ, ಫಲತಾಂಬೂಲ ಇದ್ದದ್ದೇ. ಕೆಲವೊಮ್ಮೆ ಅದರ ಜೊತೆಗೆ ಸನ್ಮಾನಿತರ ಭಾವಚಿತ್ರವೇ ಅಚ್ಚಾಗಿರುವ ಅಂಚೆಚೀಟಿಯ ಹಾಳೆಯೊಂದನ್ನು ಕಟ್ಟು ಹಾಕಿಸಿ ಕೊಡುತ್ತಾರೆ. ಮರುದಿನ ಬೆಳಿಗ್ಗೆ ಹೊತ್ತಿಗೆ 'ಕೇಂದ್ರ ಸರ್ಕಾರ ನಮ್ಮವರ ಹೆಸರಲ್ಲಿ ಸ್ಟ್ಯಾಂಪು ತಂದಿದೆ' ಎಂಬ ಸುದ್ದಿ ವಾಟ್ಸಾಪ್ ಗುಂಪುಗಳಲ್ಲಿ ಹರಡಿರುತ್ತದೆ. ಚೀಟಿ ಅಸಲಿಯೇ. ಲಕೋಟೆಗೆ ಅಂಟಿಸಿ ಡಬ್ಬಿಗೆ ಹಾಕಿದರೆ ಪತ್ರ ಊರು ಸೇರುತ್ತದೆ. ಆದರೆ ಆ ಮುಖವನ್ನು ಸರ್ಕಾರ ಆರಿಸಿಲ್ಲ. ಅದು 'ಮೈ ಸ್ಟ್ಯಾಂಪ್' ಎಂಬ ಯೋಜನೆಯದು.

2011ರಲ್ಲಿ ದೆಹಲಿಯಲ್ಲಿ ನಡೆದ ವಿಶ್ವ ಅಂಚೆಚೀಟಿ ಪ್ರದರ್ಶನದ ಹೊತ್ತಿಗೆ ಅಂಚೆ ಇಲಾಖೆ ಇದನ್ನು ಶುರು ಮಾಡಿತು. ಇಲಾಖೆ ಮೊದಲೇ ಸಿದ್ಧ ಮಾಡಿಟ್ಟ ಒಂದು ವಿನ್ಯಾಸ, ಅದರ ಪಕ್ಕದಲ್ಲಿ ಖಾಲಿ ಜಾಗ. ಆ ಜಾಗದಲ್ಲಿ ನಿಮ್ಮ ಫೋಟೊ ಅಚ್ಚಾಗುತ್ತದೆ. 12 ಚೀಟಿಗಳ ಒಂದು ಹಾಳೆಗೆ 300 ರೂಪಾಯಿ. ಮದುವೆ, ಷಷ್ಟಿಪೂರ್ತಿ, ಮಗುವಿನ ಹುಟ್ಟುಹಬ್ಬ, ಯಾವುದಕ್ಕಾದರೂ ಮಾಡಿಸಬಹುದು. ಬಹಳ ಒಳ್ಳೆಯ ಯೋಜನೆ, ಮನೆಮಂದಿಗೆ ಸಂತೋಷ ಕೊಡುವಂಥದ್ದು. ಆದರೆ ಇದನ್ನೂ ರಾಷ್ಟ್ರದ ಗೌರವವನ್ನೂ ಒಂದೇ ಎಂದುಕೊಂಡರೆ ಎರಡನೆಯದಕ್ಕೆ ಅನ್ಯಾಯವಾಗುತ್ತದೆ. ಅಲ್ಲಿ ಒಂದು ಮುಖ ಚೀಟಿಗೆ ಏರುವ ಮುನ್ನ ಕಡತ ಎಷ್ಟೋ ಮೇಜು ದಾಟಿರುತ್ತದೆ.

ಸರ್ಕಾರ ತಾನಾಗಿ ಹೊರತರುವ ಚೀಟಿಗಳಲ್ಲಿ ಎರಡು ಬಗೆ. ದಿನಬಳಕೆಯವು ಮುಗಿದಂತೆಲ್ಲ ಮತ್ತೆ ಮತ್ತೆ ಅಚ್ಚಾಗುತ್ತವೆ, ವರ್ಷಗಟ್ಟಲೆ ಅದೇ ಚಿತ್ರ ಓಡುತ್ತದೆ. ಸ್ಮರಣಾರ್ಥದವು ಒಬ್ಬ ವ್ಯಕ್ತಿ, ಸಂಸ್ಥೆ ಅಥವಾ ಸಂದರ್ಭದ ನೆನಪಿಗೆ ಒಂದು ನಿಶ್ಚಿತ ದಿನ ಬಿಡುಗಡೆಯಾಗುತ್ತವೆ. ಗೊತ್ತಾದಷ್ಟು ಪ್ರತಿ ಅಚ್ಚಾದರೆ ಮುಗಿಯಿತು, ಮರುಮುದ್ರಣ ಇಲ್ಲ. ಜನ ಆಸೆಪಡುವುದು, ಮನವಿ ಬರೆಯುವುದು, ಶಾಸಕರ ಸಂಸದರ ಹಿಂದೆ ಬೀಳುವುದು ಈ ಎರಡನೆಯ ಬಗೆಗೆ.

ಇದರ ಆಯ್ಕೆಗೆ ಅಂಚೆ ಇಲಾಖೆಯಲ್ಲಿ ಫಿಲಾಟೆಲಿ, ಅಂದರೆ ಅಂಚೆಚೀಟಿಗಳ ಸಂಗ್ರಹ ಮತ್ತು ಅಧ್ಯಯನಕ್ಕೆ ಸಂಬಂಧಿಸಿದ ಸಲಹಾ ಸಮಿತಿ ಇದೆ. ಕೇಂದ್ರ ಸಂಪರ್ಕ ಸಚಿವರು ಅದರ ಅಧ್ಯಕ್ಷರು. ಇಲಾಖೆಯ ಅಧಿಕಾರಿಗಳ ಜೊತೆ ಅಂಚೆಚೀಟಿ ಸಂಗ್ರಾಹಕರು, ಕಲೆ ಮತ್ತಿತರ ಕ್ಷೇತ್ರದವರು ಇರುತ್ತಾರೆ. ದೇಶದ ಯಾವ ಪ್ರಜೆ ಬೇಕಾದರೂ ಪ್ರಸ್ತಾವ ಕಳಿಸಬಹುದು. ಸಮಿತಿ ಅವನ್ನೆಲ್ಲ ನೋಡಿ ಶಿಫಾರಸು ಮಾಡುತ್ತದೆ, ಒಪ್ಪಿಗೆ ಮೇಲಿನಿಂದ ಬರುತ್ತದೆ. ಇಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆಗಳು ಎರಡು, ಅವು ಬೇರೆ ಬೇರೆ. ಯಾರ ಮೇಲೆ, ಯಾವುದರ ಮೇಲೆ ಚೀಟಿ ಎಂಬುದು ಮೊದಲನೆಯದು. ಚಿತ್ರ ಹೇಗಿರಬೇಕು ಎಂಬುದು ಎರಡನೆಯದು. ಚೀಟಿ ಬಂದ ಮೇಲೆ ನಾವು ಮಾತಾಡುವುದೆಲ್ಲ ಎರಡನೆಯದರ ಬಗ್ಗೆ: ಮೂಗು ಸರಿ ಬಂದಿಲ್ಲ, ಪೇಟದ ಬಣ್ಣ ಬೇರೆ ಇತ್ತು. ನಮ್ಮ ಕೈ ನಿಜವಾಗಿ ಆಡುವುದು ಮೊದಲನೆಯದರಲ್ಲಿ, ಅದೂ ಚೀಟಿ ಬರುವುದಕ್ಕೆ ವರ್ಷಗಳ ಮುಂಚೆ.

ಬದುಕಿರುವವರ ಮೇಲೆ ಸಾಮಾನ್ಯವಾಗಿ ಚೀಟಿ ಇಲ್ಲ. ತೀರಿಕೊಂಡವರಾದರೆ ಹತ್ತು ವರ್ಷವಾದರೂ ಕಳೆಯಲಿ ಎಂಬುದು ವಾಡಿಕೆ. ಹುಟ್ಟಿ ನೂರು ವರ್ಷ ತುಂಬಿದ್ದು, ಅಗಲಿ 25, 50, 100 ವರ್ಷ ಆದದ್ದು, ಹೀಗೆ ಒಂದು ದುಂಡು ಲೆಕ್ಕದ ವರ್ಷ ಕೂಡಿಬಂದರೆ ಅನುಕೂಲ. ಎಲ್ಲಕ್ಕೂ ಮೇಲೆ, ವಿಷಯಕ್ಕೆ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮಹತ್ವ ಇರಬೇಕು. ಪ್ರಸ್ತಾವ ಎರಡು ವರ್ಷ ಮುಂಚಿತವಾಗಿ ಕೈಸೇರಬೇಕು.

ಈ ಹತ್ತು ವರ್ಷದ ಕಾಯುವಿಕೆಯಲ್ಲಿ ವಿವೇಕ ಇದೆ ಎಂದು ನನಗನ್ನಿಸುತ್ತದೆ. ಒಬ್ಬರು ಹೋದ ಹೊಸತರಲ್ಲಿ ದುಃಖ, ಅಭಿಮಾನ, ಜಾತಿ, ಪಕ್ಷ ಎಲ್ಲ ಒಟ್ಟಿಗೆ ಮಾತಾಡುತ್ತವೆ. ಹತ್ತು ವರ್ಷ ಕಳೆದ ಮೇಲೂ ಹೆಸರು ನಿಂತಿದ್ದರೆ ಆ ಹೆಸರಿಗೆ ಸ್ವಂತ ಬಲ ಇದೆ ಎಂದರ್ಥ.

ಆದರೂ ನಿಯಮ ಸಡಿಲಾದ ಸಂದರ್ಭಗಳಿವೆ. ಅವನ್ನು ನೋಡದೆ ಈ ವ್ಯವಸ್ಥೆ ಅರ್ಥವಾಗುವುದಿಲ್ಲ. ಸ್ವತಂತ್ರ ಭಾರತದಲ್ಲಿ ಬದುಕಿರುವಾಗಲೇ ಅಂಚೆಚೀಟಿಯ ಗೌರವ ಪಡೆದ ಮೊದಲಿಗರು ಮಹಿಳಾ ಶಿಕ್ಷಣಕ್ಕಾಗಿ ದುಡಿದ ಮಹರ್ಷಿ ಧೋಂಡೊ ಕೇಶವ ಕರ್ವೆ. 1958ರಲ್ಲಿ ಅವರಿಗೆ ನೂರು ತುಂಬಿತ್ತು. ಮುಂದಿನ ಹೆಸರು ಕನ್ನಡಿಗರಿಗೆಲ್ಲ ಹೆಮ್ಮೆಯದು. 1960ರ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಚೀಟಿ ಬಿಡುಗಡೆಯಾದಾಗ ಅವರು ನೂರು ವರ್ಷದ ಅಜ್ಜನಾಗಿ ನಮ್ಮ ನಡುವೆ ಇದ್ದರು. ಆಮೇಲೆ ಮದರ್ ತೆರೇಸಾ 1980ರಲ್ಲಿ, ಸಚಿನ್ ತೆಂಡೂಲ್ಕರ್ 2013ರಲ್ಲಿ. ರಾಷ್ಟ್ರನಾಯಕರ ವಿಷಯದಲ್ಲಿ ಹತ್ತು ವರ್ಷದ ಮಾತೇ ಬರುವುದಿಲ್ಲ. ನೆಹರೂ ತೀರಿಕೊಂಡದ್ದು 1964ರ ಮೇ 27ರಂದು, ಚೀಟಿ ಬಂದದ್ದು ಜೂನ್ 12ರಂದು. ಅಬ್ದುಲ್ ಕಲಾಂ 2015ರ ಜುಲೈನಲ್ಲಿ ಅಗಲಿದರು, ಅದೇ ಅಕ್ಟೋಬರ್ 15ರ ಹುಟ್ಟುಹಬ್ಬಕ್ಕೆ ಅವರ ಚೀಟಿ ಸಿದ್ಧವಾಗಿತ್ತು.

ಇನ್ನೊಂದು ದಾರಿ ಇದೆ, ಅದನ್ನು ಹೆಚ್ಚು ಜನ ಗಮನಿಸಿಲ್ಲ. ಅದು ಸರಣಿಯ ದಾರಿ. 2014ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಸಂಗೀತಗಾರರ ಮೇಲೆ ಎಂಟು ಚೀಟಿಗಳು ಒಟ್ಟಿಗೆ ಬಂದವು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಕುಮಾರ ಗಂಧರ್ವ: ಎಂಟರಲ್ಲಿ ನಾಲ್ವರು ಕನ್ನಡ ನೆಲದಲ್ಲಿ ಹುಟ್ಟಿದವರು. ಆಗ ಗಂಗೂಬಾಯಿಯವರು ತೀರಿಕೊಂಡು ಐದು ವರ್ಷ, ಭೀಮಸೇನರು ಹೋಗಿ ಮೂರು ವರ್ಷ, ಅದೇ ಗುಂಪಿನಲ್ಲಿದ್ದ ರವಿಶಂಕರ್ ಅಗಲಿ ಎರಡು ವರ್ಷವೂ ತುಂಬಿರಲಿಲ್ಲ. ಒಬ್ಬೊಬ್ಬರ ಹೆಸರಿನಲ್ಲಿ ಬೇರೆ ಬೇರೆ ಕಡತ ಹೋಗಿದ್ದರೆ ಇಷ್ಟು ಬೇಗ ದಾಟುತ್ತಿದ್ದವೋ ಇಲ್ಲವೋ. 'ಸಂಗೀತ' ಎಂಬ ಒಂದೇ ಸೂರಿನ ಕೆಳಗೆ ಎಲ್ಲರೂ ಒಳಗೆ ಬಂದರು. 2003ರಲ್ಲಿ ಜೋಗ ಅಂಚೆಚೀಟಿಗೆ ಬಂದದ್ದೂ ದೇಶದ ಜಲಪಾತಗಳ ಸರಣಿಯಲ್ಲೇ. 2017ರಲ್ಲಿ ಭಾರತದ ಅಡುಗೆಗಳ ಮೇಲೆ 24 ಚೀಟಿಗಳು ಬಂದಾಗ ಇಡ್ಲಿ, ದೋಸೆಗೂ ಜಾಗ ಸಿಕ್ಕಿತು. ದಾವಣಗೆರೆಯವರು ಬೆಣ್ಣೆದೋಸೆಗೇ ಒಂದು ಚೀಟಿ ಬೇಕೆಂದು ಕೇಳಿದರೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಒಂಟಿಯಾಗಿ ಕೇಳುವ ಬದಲು ಇಂಥದೊಂದು ಸರಣಿಯ ಹೆಸರಲ್ಲಿ ಕೇಳಿದರೆ ಕೆಲಸ ಆಗುವ ಸಂಭವ ಹೆಚ್ಚು.

ಇನ್ನು ಚಿತ್ರದ ಮಾತು.

ಸ್ಮರಣಾರ್ಥ ಚೀಟಿಯ ಸಾಮಾನ್ಯ ಅಳತೆ 39.1 ಮಿಲಿಮೀಟರ್ ಅಗಲ, 29 ಮಿಲಿಮೀಟರ್ ಎತ್ತರ. ಉದ್ದುದ್ದ ನಿಲ್ಲಿಸಿದರೆ ಇದೇ ಲೆಕ್ಕ ತಿರುವುಮುರುವು. ಸುತ್ತ ಹಲ್ಲು ಕತ್ತರಿಸಿದ ಅಂಚಿಗೆ ಬಿಳಿ ಜಾಗ ಬಿಡಬೇಕು. ಉಳಿದದ್ದರಲ್ಲಿ ಹಿಂದಿಯಲ್ಲಿ ದೇಶದ ಹೆಸರು, ಇಂಗ್ಲಿಷಿನಲ್ಲಿ ದೇಶದ ಹೆಸರು, ಬೆಲೆ, ವಿಷಯದ ಹೆಸರು ಎರಡು ಭಾಷೆಯಲ್ಲಿ, ಇಸವಿ. ರೋಮನ್ ಅಕ್ಷರದಲ್ಲಿ ದೇಶದ ಹೆಸರು ಇರಲೇಬೇಕು, ಅದು ವಿಶ್ವ ಅಂಚೆ ಒಕ್ಕೂಟದ ಕಟ್ಟಳೆ. ಬ್ರಿಟನ್‌ಗೆ ಮಾತ್ರ ವಿನಾಯಿತಿ. 1840ರಲ್ಲಿ ಅಂಚೆಚೀಟಿಯನ್ನು ಮೊದಲು ತಂದವರು ಅವರು, ಹಾಗಾಗಿ ದೊರೆಯ ಮುಖವೇ ಅಲ್ಲಿ ದೇಶದ ಹೆಸರಿನ ಕೆಲಸ ಮಾಡುತ್ತದೆ. ಇಷ್ಟೆಲ್ಲ ಆದ ಮೇಲೆ ಉಳಿದ ಅಂಗುಲದಷ್ಟು ಜಾಗದಲ್ಲಿ ಕಲಾವಿದ ತನ್ನ ಮಾತು ಹೇಳಬೇಕು. ಅದರ ಮೇಲೆ ನಾಳೆ ಅಂಚೆಯ ಸೀಲು ಬಿದ್ದೇ ಬೀಳುತ್ತದೆ.

ಚಿತ್ರದುರ್ಗವನ್ನೇ ತಗೊಳ್ಳಿ. ಕೋಟೆಯ ಮೇಲೆ ಚೀಟಿ ಮಾಡಬೇಕು ಅಂದರೆ ಮೊದಲು ಹೊಳೆಯುವುದು ಏಳು ಸುತ್ತಿನ ಕೋಟೆಯ ಪೂರ್ತಿ ನೋಟ: ಬೆಟ್ಟ, ಬಂಡೆ, ಬತೇರಿ, ಗೋಡೆಯ ಮೇಲೆ ಗೋಡೆ. ಗೋಡೆಗೆ ನೇತುಹಾಕುವ ಚಿತ್ರಕ್ಕೆ ಅದು ಚೆಂದ. 39 ಮಿಲಿಮೀಟರಿಗೆ ಇಳಿಸಿದರೆ ಬಂಡೆ ಯಾವುದು, ಗೋಡೆ ಯಾವುದು ಗೊತ್ತಾಗದ ಕಂದು ಬಣ್ಣದ ಮುದ್ದೆ ಉಳಿಯುತ್ತದೆ. ಅದೇ ಒನಕೆ ಓಬವ್ವನ ಕಿಂಡಿ ನೋಡಿ. ಎರಡು ಬಂಡೆಯ ನಡುವೆ ಒಬ್ಬ ಮನುಷ್ಯ ಬಗ್ಗಿ ತೂರುವಷ್ಟೇ ಸಂದು. ಕಹಳೆಯ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದಿದ್ದ, ನೀರಿಗೆ ಹೋದ ಓಬವ್ವ ಆ ಸಂದಿನಲ್ಲಿ ನುಸುಳಿ ಬರುತ್ತಿದ್ದ ಹೈದರಾಲಿಯ ಸಿಪಾಯಿಗಳನ್ನು ಕಂಡಳು, ಕೈಗೆ ಸಿಕ್ಕ ಒನಕೆಯನ್ನೇ ಎತ್ತಿದಳು. ಕತ್ತಲ ಬಂಡೆ, ಅದರಲ್ಲಿ ಒಂದು ಬೆಳಕಿನ ಬಿರುಕು, ಬಿರುಕಿನ ಪಕ್ಕ ಎತ್ತಿ ಹಿಡಿದ ಒನಕೆ. ಮೂರೇ ಆಕಾರ. ಓಬವ್ವನ ಮುಖ ಕಾಣದಿದ್ದರೂ ನಡೆಯುತ್ತದೆ, ಕಾಣಿಸದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅವಳ ಮುಖ ಹೇಗಿತ್ತೆಂದು ಯಾರೂ ಬರೆದಿಟ್ಟಿಲ್ಲ. ನಮ್ಮ ಕಣ್ಣಿಗೆ ಕಟ್ಟಿದ ಮುಖವೆಲ್ಲ ಸಿನಿಮಾದಿಂದ, ಕ್ಯಾಲೆಂಡರಿನಿಂದ ಬಂದದ್ದು.

ಇಲಾಖೆ ಕಟ್ಟುನಿಟ್ಟಾಗಿ ನೋಡುವುದು ಇದನ್ನೇ. ವ್ಯಕ್ತಿಯ ಚಿತ್ರ ಅಧಿಕೃತವೇ, ಫೋಟೊ ಯಾರದು, ಬಳಸಲು ಹಕ್ಕುದಾರರ ಒಪ್ಪಿಗೆ ಇದೆಯೇ? ಮೇಲ್ನೋಟಕ್ಕೆ ಕಿರಿಕಿರಿ ಅನ್ನಿಸುವ ಈ ಪ್ರಶ್ನೆ ಎಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಉದಾಹರಣೆ ಸಾಕು. 2010ರ ಕೊನೆಯಲ್ಲಿ ಅಲ್ಲಿನ ಅಂಚೆಯವರು ಸ್ವಾತಂತ್ರ್ಯದೇವಿಯ ಮುಖವಿರುವ ಚೀಟಿ ತಂದರು. ಮುಂದಿನ ವರ್ಷ ಒಬ್ಬ ಸಂಗ್ರಾಹಕನ ಕಣ್ಣಿಗೆ ವ್ಯತ್ಯಾಸ ಬಿತ್ತು. ಅದು ನ್ಯೂಯಾರ್ಕಿನ ಮೂಲ ಪ್ರತಿಮೆಯಲ್ಲ, ಲಾಸ್ ವೇಗಸ್‌ನ ಹೋಟೆಲೊಂದರ ಮುಂದಿರುವ ನಕಲು. ನಕಲನ್ನು ಕೆತ್ತಿದ ಶಿಲ್ಪಿ ಕೋರ್ಟಿಗೆ ಹೋದರು. 2018ರಲ್ಲಿ ಸುಮಾರು 35 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ನಾಳೆ ಯಾರಾದರೂ ಓಬವ್ವನ ಪ್ರತಿಮೆಯ ಫೋಟೊ ತೆಗೆದು ಪ್ರಸ್ತಾವದ ಜೊತೆ ಕಳಿಸುವುದಾದರೆ ಆ ಪ್ರತಿಮೆಯ ಶಿಲ್ಪಿ ಯಾರು, ಫೋಟೊ ತೆಗೆದವರು ಯಾರು ಎಂಬುದನ್ನೂ ಬರೆದು ಕಳಿಸಬೇಕು.

ನಮ್ಮ ದೇಶದಲ್ಲೂ ಇಂಥ ತಪ್ಪು ಆಗಿದೆ. ಸ್ವಾತಂತ್ರ್ಯ ಬಂದು ಎರಡು ವರ್ಷಕ್ಕೆ, 1949ರ ಆಗಸ್ಟ್ 15ರಂದು, ದಿನಬಳಕೆಗೆ ಒಂದು ಹೊಸ ಸರಣಿ ಬಂತು. ರಾಜರ ತಲೆಯ ಜಾಗಕ್ಕೆ ನಮ್ಮ ಶಿಲ್ಪಗಳು, ಗುಡಿಗಳು, ಕಟ್ಟಡಗಳು ಬಂದವು. ಕೊನಾರ್ಕದ ಕುದುರೆ, ಸಾಂಚಿಯ ಸ್ತೂಪ, ಆರಾಣೆಯ ಚೀಟಿಯಲ್ಲಿ ಬಿಜಾಪುರದ ಗೋಳಗುಮ್ಮಟ. ಭಾರತದ ಅಂಚೆಚೀಟಿಗಳಲ್ಲಿ ನನಗೆ ಇಂದಿಗೂ ಬಹಳ ಇಷ್ಟದ ಸರಣಿ ಇದು. ಒಂದು ಚೀಟಿಗೆ ಒಂದೇ ವಸ್ತು, ಗಟ್ಟಿ ಬಣ್ಣ, ಎಲ್ಲೂ ಗಜಿಬಿಜಿ ಇಲ್ಲ. ಆದರೆ ಅದೇ ಸರಣಿಯ ಒಂದಾಣೆಯ ಬೋಧಿಸತ್ವ ಎಡಬಲ ತಿರುವುಮುರುವಾಗಿ ಅಚ್ಚಾಗಿಬಿಟ್ಟಿದ್ದ. ಮೂಲ ಶಿಲ್ಪದಲ್ಲಿ ಒಂದು ಕೈ, ಚೀಟಿಯಲ್ಲಿ ಇನ್ನೊಂದು ಕೈ. 1950ರಲ್ಲಿ ಸರಿಪಡಿಸಿದ ಚೀಟಿ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕನ್ನಡಿಯ ಎದುರು ಕೂತಂತೆ ಕಾಣುತ್ತವೆ. ಇನ್ನೂ ಹಿಂದಕ್ಕೆ ಹೋದರೆ 1854ರ ನಾಲ್ಕಾಣೆಯ ಚೀಟಿ. ಅದಕ್ಕೆ ಎರಡು ಬಣ್ಣ. ಕೆಂಪು ಚೌಕಟ್ಟು ಒಂದು ಸಲ, ನೀಲಿ ಬಣ್ಣದ ರಾಣಿಯ ತಲೆ ಇನ್ನೊಂದು ಸಲ, ಹೀಗೆ ಹಾಳೆ ಎರಡು ಬಾರಿ ಯಂತ್ರಕ್ಕೆ ಹೋಗಬೇಕಿತ್ತು. ಕೆಲವು ಹಾಳೆ ಎರಡನೆಯ ಸಲ ತಿರುಗಿ ಹೋಗಿ ರಾಣಿ ವಿಕ್ಟೋರಿಯಾ ತಲೆಕೆಳಗಾದಳು. ಇಂದು ಅದರ ಒಂದೊಂದು ಪ್ರತಿಯೂ ಜಗತ್ತಿನ ಅಪರೂಪದ ಚೀಟಿಗಳಲ್ಲಿ ಒಂದು.

ವಿಷಯಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಕಲಾವಿದರು ಒಂದಕ್ಕಿಂತ ಹೆಚ್ಚು ಕರಡು ಮಾಡುತ್ತಾರೆ. ಆರಿಸಿದ್ದನ್ನು ತಿದ್ದಿ ಅಂತಿಮ ಒಪ್ಪಿಗೆ ಪಡೆದು ಮುದ್ರಣಕ್ಕೆ ಕಳಿಸುತ್ತಾರೆ. ಅಚ್ಚಾಗುವುದು ನಾಸಿಕ್‌ನ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಅಥವಾ ಹೈದರಾಬಾದಿನ ಮುದ್ರಣಾಲಯದಲ್ಲಿ. 1920ರ ದಶಕದಲ್ಲಿ ನಾಸಿಕ್ ಪ್ರೆಸ್ ಶುರುವಾಗುವವರೆಗೆ ನಮ್ಮ ಬಹುಪಾಲು ಚೀಟಿಗಳು ಹಡಗಿನಲ್ಲಿ ಲಂಡನ್ನಿಂದ ಬರುತ್ತಿದ್ದವು. ಚೀಟಿಯ ಜೊತೆಗೇ ಮೊದಲ ದಿನದ ಲಕೋಟೆ, ಅದಕ್ಕೆ ಒತ್ತುವ ವಿಶೇಷ ಸೀಲು, ವಿಷಯ ವಿವರಿಸುವ ಬ್ರೋಷರ್ ಸಿದ್ಧವಾಗುತ್ತವೆ. ಬ್ರೋಷರಿನಲ್ಲಿ ಚೀಟಿಯ ಚಿತ್ರ ಯಾರದು, ಸೀಲಿನ ಚಿತ್ರ ಯಾರದು ಎಂದು ಕಲಾವಿದರ ಹೆಸರು ಅಚ್ಚಾಗಿರುತ್ತದೆ. ಚೀಟಿ ಕೊಂಡವರು ಅದನ್ನೂ ಓದಬೇಕು. ಲಕ್ಷಗಟ್ಟಲೆ ಪ್ರತಿ ಹೋಗುವ ಚಿತ್ರ ಬರೆದವರ ಹೆಸರು ಬೇರೆಲ್ಲೂ ಸಿಗುವುದಿಲ್ಲ. ಮಕ್ಕಳಿಗೂ ಇಲ್ಲಿ ಬಾಗಿಲು ತೆರೆದಿದೆ. ನವೆಂಬರ್ 14ರ ಮಕ್ಕಳ ದಿನಾಚರಣೆಯ ಚೀಟಿಗೆ ಇಲಾಖೆ ಚಿತ್ರ ಸ್ಪರ್ಧೆ ನಡೆಸುತ್ತದೆ, ಗೆದ್ದ ಮಗುವಿನ ಚಿತ್ರವೇ ಚೀಟಿಯಾಗುತ್ತದೆ. ಡ್ರಾಯಿಂಗ್ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಿಕೊಡಬೇಕು.

ಈಗ ನಮ್ಮ ಸೀಮೆಯ ಲೆಕ್ಕ. ಪ್ರಸ್ತಾವ ಎರಡು ವರ್ಷ ಮುಂಚೆ ಹೋಗಬೇಕು ಅಂದೆನಲ್ಲ, ಬಹಳಷ್ಟು ಮನವಿಗಳು ಸೋಲುವುದು ಅಲ್ಲೇ. ಶತಮಾನೋತ್ಸವದ ಸಮಿತಿ ಆಗುವುದೇ ಶತಮಾನೋತ್ಸವದ ವರ್ಷದಲ್ಲಿ. ಅಧ್ಯಕ್ಷರ ಆಯ್ಕೆ, ಆಹ್ವಾನ ಪತ್ರಿಕೆ ಎಲ್ಲ ಮುಗಿದು ಅಂಚೆಚೀಟಿಯ ನೆನಪಾಗುವ ಹೊತ್ತಿಗೆ ದಿನಾಂಕ ಹತ್ತಿರ ಬಂದಿರುತ್ತದೆ. ಮಲೇಬೆನ್ನೂರಿನಲ್ಲಿ ಹುಟ್ಟಿದ, ದುರ್ಗದ ಚರಿತ್ರೆಯನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ ತ.ರಾ. ಸುಬ್ಬರಾಯರನ್ನು ನೆನೆಯಿರಿ. 1920ರಲ್ಲಿ ಹುಟ್ಟಿದವರು, ಹಾಗಾಗಿ ಜನ್ಮಶತಮಾನೋತ್ಸವ 2020ಕ್ಕೇ ಆಗಿಹೋಯಿತು. ತೀರಿಕೊಂಡದ್ದು 1984ರ ಏಪ್ರಿಲ್ 10ರಂದು. ಐವತ್ತನೆಯ ವರ್ಷ 2034ಕ್ಕೆ ಬರುತ್ತದೆ. ಅಂದರೆ ಕಾಗದಪತ್ರ 2032ರ ಏಪ್ರಿಲ್ ಒಳಗೆ ದೆಹಲಿ ತಲುಪಿರಬೇಕು. ಕೋಟೆ ಹೈದರಾಲಿಯ ವಶವಾದದ್ದು 1779ರಲ್ಲಿ, 250 ವರ್ಷ ತುಂಬುವುದು 2029ಕ್ಕೆ. ಸೋಲಿನ ನೆನಪಿಗೆ ಚೀಟಿ ಯಾಕೆ ಎಂದು ಕೆಲವರು ಕೇಳಬಹುದು. ಮದಕರಿ ನಾಯಕ ಹೈದರನ ದೊಡ್ಡ ಸೇನೆಯ ಎದುರು ನಿಂತದ್ದನ್ನು ನೆನೆಯುವುದು ನನ್ನ ಮಟ್ಟಿಗೆ ಸೋಲಿನ ನೆನಪಲ್ಲ. ಹಾಗೆ ಅನ್ನಿಸುವವರು 2027ರೊಳಗೆ ಬರೆಯಬೇಕು.

'ರಾಷ್ಟ್ರೀಯ ಮಹತ್ವ' ಎಂಬ ಮಾತಿಗೆ ಹೆದರಬೇಕಿಲ್ಲ. ಸ್ವತಂತ್ರ ಭಾರತದ ಮೊದಲ ಚೀಟಿಗಳು 1947ರ ಕೊನೆಯಲ್ಲಿ ಬಂದಾಗ ರಾಷ್ಟ್ರಧ್ವಜ ಮತ್ತು ವಿಮಾನದ ಜೊತೆ ಇದ್ದದ್ದು ಅಶೋಕನ ಸಿಂಹಶಿಖರ. ಅದೇ ಅಶೋಕ ಬರೆಸಿದ ಕಿರು ಬಂಡೆ ಶಾಸನ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ, ಪಕ್ಕದ ಸಿದ್ದಾಪುರದಲ್ಲಿದೆ, ಜಟಿಂಗ ರಾಮೇಶ್ವರದಲ್ಲಿದೆ. 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನವನ್ನು ಬರೆದವನು ಚಪಡ ಎಂಬ ಲಿಪಿಕಾರ. ಪೂರ್ತಿ ಬ್ರಾಹ್ಮಿಯಲ್ಲಿ ಬರೆದು ಕೊನೆಯ ಒಂದು ಪದವನ್ನು ಮಾತ್ರ ದೂರದ ವಾಯವ್ಯ ಪ್ರಾಂತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಗಂಧಾರದ ಕಡೆಯ ಅಕ್ಷರ ಬಲ್ಲವನೊಬ್ಬ ನಮ್ಮ ಬಂಡೆಯ ಮುಂದೆ ಕೂತಿದ್ದ ಎಂಬುದಕ್ಕಿಂತ ದೊಡ್ಡ ರಾಷ್ಟ್ರೀಯ ಮಹತ್ವ ಇನ್ನೇನು ಬೇಕು? ಚೀಟಿಯ ಚಿತ್ರವೂ ಸಿದ್ಧವಾಗಿಯೇ ಇದೆ: ಬಂಡೆಯ ಮೈ, ಅದರ ಮೇಲೆ ಬ್ರಾಹ್ಮಿಯ ಒಂದೆರಡು ಸಾಲು, ತುದಿಯಲ್ಲಿ ಬೇರೆ ಲಿಪಿಯ ಆ ಒಂದು ಪದ.

ಪ್ರಸ್ತಾವ ಬರೆಯುವುದು ಕಷ್ಟವಲ್ಲ, ಅಚ್ಚುಕಟ್ಟಾಗಿರಬೇಕು ಅಷ್ಟೆ. ಯಾರು ಅಥವಾ ಏನು, ಯಾವ ದಿನಾಂಕಕ್ಕೆ ಬೇಕು, ಆ ದಿನಾಂಕ ಸರಿಯೆಂಬುದಕ್ಕೆ ದಾಖಲೆ ಏನು. ನಮ್ಮ ಜಿಲ್ಲೆಯ ಆಚೆಗೂ ಈ ಹೆಸರು ಏಕೆ ಮುಖ್ಯ ಎಂಬುದಕ್ಕೆ ಒಂದೆರಡು ಪುಟ, ಹೊಗಳಿಕೆ ಕಡಿಮೆ, ಸಂಗತಿ ಹೆಚ್ಚು. ಸ್ಪಷ್ಟವಾದ ಚಿತ್ರಗಳು, ಅವುಗಳ ಹಕ್ಕುದಾರರ ಒಪ್ಪಿಗೆ ಪತ್ರ. ಕಳಿಸಬೇಕಾದ್ದು ನವದೆಹಲಿಯ ಸಂಸದ್ ಮಾರ್ಗದ ಡಾಕ್ ಭವನದಲ್ಲಿರುವ ಅಂಚೆ ಇಲಾಖೆಯ ಫಿಲಾಟೆಲಿ ವಿಭಾಗಕ್ಕೆ. ನೂರು ಜನರ ಸಹಿ ಇರುವ ಮನವಿಗಿಂತ ಹುಟ್ಟಿದ ದಿನಾಂಕದ ಒಂದು ಗಟ್ಟಿ ದಾಖಲೆಗೆ ಅಲ್ಲಿ ತೂಕ ಹೆಚ್ಚು ಎಂದು ನನ್ನ ನಂಬಿಕೆ.

ಚೀಟಿ ಸಿಗದಿದ್ದರೆ ವಿಶೇಷ ಲಕೋಟೆಗೆ ಕೇಳಬಹುದು. ಊರಿನ ಜಾತ್ರೆ, ಶಾಲೆಯ ಅಮೃತ ಮಹೋತ್ಸವ, ಮೊಳಕಾಲ್ಮೂರು ಸೀರೆಯಂಥ ಕಸುಬು, ಇಂಥವಕ್ಕೆ ಚಿತ್ರವಿರುವ ಲಕೋಟೆ, ಅದಕ್ಕೆಂದೇ ಮಾಡಿಸಿದ ಸೀಲು. ಚೀಟಿ ಮಾತ್ರ ಆಗ ಚಲಾವಣೆಯಲ್ಲಿರುವ ಯಾವುದಾದರೂ ಆಗಿರುತ್ತದೆ. ಇದಕ್ಕೆ ದೆಹಲಿಯ ಸಮಿತಿಯವರೆಗೆ ಹೋಗಬೇಕಿಲ್ಲ, ಬೆಂಗಳೂರಿನ ಮುಖ್ಯ ಪೋಸ್ಟ್ ಮಾಸ್ಟರ್ ಜನರಲ್ ಕಚೇರಿಯಲ್ಲೇ ತೀರ್ಮಾನವಾಗುತ್ತದೆ. ಅರ್ಜಿಯ ವಿವರವನ್ನು ಹತ್ತಿರದ ಹೆಡ್ ಪೋಸ್ಟಾಫೀಸಿನಲ್ಲಿ ವಿಚಾರಿಸಬಹುದು.